ಬೇಲಿಯಾಚೆ ಇಳಿದ ಮನೆ

ಮೊನ್ನೆ ಸಂಡೂರು ರಸ್ತೆ ಕಡೆಯ ನಮ್ಮ ಹೊಲದ ಪಕ್ಕ ಲಾರಿ ನಿಂತಿತು. ಕ್ರೇನು ಬಂತು. ಊಟದ ಹೊತ್ತಿಗೆ ಒಂದು ಮನೆಯನ್ನೇ ಇಳಿಸಿ ಹೋದರು. ನಲವತ್ತಡಿ ಉದ್ದ, ಎಂಟಡಿ ಅಗಲ. ಬೆಂಗಳೂರಿನ ಕೆಲಸ ಬಿಟ್ಟು ಬಂದ ಹುಡುಗನ ಮನೆ ಅದು. ಸಂಜೆ ಬೇಲಿ ಹತ್ತಿರ ಬಂದು, "ಅಕ್ಕಾ, ಮನೆ ಬಂತು. ಇನ್ನು ಸೋಲಾರ್ ಕೂಡಿಸಿದ್ರೆ ಆಯ್ತು" ಅಂದ.

"ಸೋಲಾರ್ ಇರಲಿ ತಮ್ಮಾ, ನೀರಿಗೆ ಏನ್ ಮಾಡ್ತಿ?" ಅಂದೆ.

ಕರೆಂಟಿನ ಕಂಬ ಇಲ್ಲದ ಈ ಹೊಲದಲ್ಲಿ ನಾವು ಮೂರು ವರ್ಷದಿಂದ ಇದ್ದೇವೆ. ಮನೆ ಲಾರಿ ಮೇಲೆ ಬರುತ್ತದೆ, ನೀರು ಬರುವುದಿಲ್ಲ. ಬಂದರೂ ಟ್ಯಾಂಕರಿನವನು ಕೇಳಿದಷ್ಟು ಕೊಡಬೇಕು. ಅಲ್ಲೇ ಬೇಲಿಗೆ ಒರಗಿ ಲೆಕ್ಕ ಹಾಕಿದೆವು. ಒಂದು ಚದರ ಮೀಟರ್ ಚಾವಣಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಅವನ ಚಾವಣಿ ಸುಮಾರು 30 ಚದರ ಮೀಟರ್. ವರ್ಷಕ್ಕೆ 600 ಮಿಲಿಮೀಟರ್ ಮಳೆ ಅಂತ ಹಿಡಿದರೆ 18,000 ಲೀಟರ್. ಗಂಡ ಹೆಂಡತಿ ದಿನಕ್ಕೆ 100 ಲೀಟರಿನಲ್ಲಿ ಸುಧಾರಿಸಿದರೆ ಆರು ತಿಂಗಳು. ಹುಡುಗನ ಮುಖ ಅರಳಿತು. ಉಳಿದ ಆರು ತಿಂಗಳಿಗೆ ಬೋರ್‌ವೆಲ್ಲೋ ಟ್ಯಾಂಕರೋ ನೋಡಿಕೊಳ್ಳಲೇಬೇಕು.

ಆದರೆ ಮೊದಲ ಮಳೆ ಮಾತ್ರ ಟ್ಯಾಂಕಿಗೆ ಬಿಡಬಾರದು. ನಾನು ಬಿಟ್ಟು ಕೆಟ್ಟಿದ್ದೇನೆ. ಅದಿರಿನ ಲಾರಿಗಳು ಓಡಾಡುವ ದಾರಿ ಇದು, ಬೇಸಿಗೆಯ ಧೂಳೆಲ್ಲ ಚಾವಣಿ ಮೇಲೆ ಕೂತಿತ್ತು. ಮುಚ್ಚಳ ತೆಗೆದರೆ ಕೆಮ್ಮಣ್ಣು ಕಲಸಿದ ಹಾಗೆ ನೀರು! ಅಂಗೈಯಲ್ಲಿ ಹಿಡಿದರೆ ಗೆರೆಗೆರೆಗೆ ಕೆಂಪು. ಟ್ಯಾಂಕು ಪೂರ್ತಿ ಚೆಲ್ಲಿದೆವು, ಅವತ್ತು ಹೊಟ್ಟೆ ಉರಿದದ್ದು ಅಷ್ಟಿಷ್ಟಲ್ಲ. ಈಗ ದೋಣಿಯ ಪೈಪಿಗೆ ಒಂದು ಕವಲು ಕೊಟ್ಟು, ಕೆಳಗೆ ಬಿರಡೆ ಹಾಕಿದ್ದೇವೆ. ಮೊದಲ ಕೊಳೆ ಅಲ್ಲಿ ಇಳಿಯುತ್ತದೆ.

"ಭಾನುವಾರ ಹಂಪಿಗೆ ಹೋಗಿ ಬಾ," ಅಂದೆ. ಮಹಾನವಮಿ ದಿಬ್ಬದ ಹತ್ತಿರದ ಪುಷ್ಕರಣಿಗೆ ಹೋದವರೆಲ್ಲ ಮೆಟ್ಟಿಲಿನ ಚಂದ ನೋಡಿ ಬರುತ್ತಾರೆ. ಅವನು ನೋಡಬೇಕಾದ್ದು ಕಲ್ಲಿನ ಕಂಬಗಳ ಮೇಲೆ ಸಾಲಾಗಿ ಕೂತ ಕಲ್ಲುದೋಣಿ. ಮೋಟಾರಿಲ್ಲ, ಕರೆಂಟಿಲ್ಲ, ಬರೀ ಇಳಿಜಾರಿನಿಂದ ನೀರು ಬರುತ್ತಿತ್ತು. ಆ ಕಾಲದ ತುರ್ತು ಕಾಲುವೆ, ಕಂಪ್ಲಿ ಕಾಲುವೆ ಇವತ್ತಿಗೂ ಗದ್ದೆಗೆ ನೀರುಣಿಸುತ್ತಿವೆ. ಅದಕ್ಕೇ ನಾವೂ ಟ್ಯಾಂಕನ್ನು ಕಟ್ಟೆ ಮೇಲೆ ಇಟ್ಟದ್ದು. ಬಚ್ಚಲಿಗೆ ನೀರು ತಾನೇ ಇಳಿಯುತ್ತದೆ.

ಎರಡು ಟ್ಯಾಂಕು ಇಡು ಅಂತಲೂ ಹೇಳಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ ಹೊಸಪೇಟೆಗೆ ಹೊಸಪೇಟೆಯೇ ನಿದ್ದೆಗೆಟ್ಟಿತ್ತು. 33 ಗೇಟಿನ ಅಣೆಕಟ್ಟಿಗೇ ಹಾಗಾದರೆ, ಒಂದೇ ಟ್ಯಾಂಕು ನಂಬಿ ಸಂಸಾರ ಮಾಡುವುದು ಹೇಗೆ?

ಬೆಳಕಿನ ಮಾತು ಆಮೇಲೆ ಬಂತು. ಒಂದು ಕಿಲೋವ್ಯಾಟ್ ಪ್ಯಾನೆಲ್ಲಿಗೆ ದಿನಕ್ಕೆ ನಾಲ್ಕು ಯೂನಿಟ್ ಸಿಗುತ್ತದೆ, ನಮ್ಮ ಬಿಸಿಲಿಗೆ ಕೊರತೆ ಇಲ್ಲ. ಕಷ್ಟ ಇರುವುದು ರಾತ್ರಿಗೆ. ಎರಡು ಹಳೇ ಫ್ಯಾನು ಹತ್ತು ತಾಸು ತಿರುಗಿದರೆ ಒಂದೂವರೆ ಯೂನಿಟ್ ನುಂಗುತ್ತವೆ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಇರುವುದೇ 1.8 ಯೂನಿಟ್, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಎಳೆದರೆ ಬ್ಯಾಟರಿ ಬಾಳುವುದಿಲ್ಲ. ಬಿಎಲ್‌ಡಿಸಿ ಫ್ಯಾನಾದರೆ ಹಳೇ ಫ್ಯಾನು ನುಂಗುವುದರ ಅರ್ಧವೂ ಬೇಡ. ಪಿಎಂ ಸೂರ್ಯಘರ್ ಸಬ್ಸಿಡಿ ಬರುತ್ತದೆ ಅಂತ ಅವನು ಲೆಕ್ಕ ಇಟ್ಟುಕೊಂಡಿದ್ದ. ಲೈನಿಗೆ ಸೇರಿದ ಮನೆಗೆ ಮಾತ್ರ ಅದು, ಬ್ಯಾಟರಿ ಮನೆಗೆ ಇಲ್ಲ ಅಂದಾಗ ಸ್ವಲ್ಪ ಸಪ್ಪಗಾದ. ಪ್ಯಾನೆಲ್ಲನ್ನು ವಾರಕ್ಕೊಮ್ಮೆ ಬಿಸಿಲೇರುವ ಮುಂಚೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಇಲ್ಲೂ ಅದೇ ಕೆಂಧೂಳು.

ಪಾಯಿಖಾನೆಗೆ ಎರಡು ಗುಂಡಿ ಸಾಕು: ಒಂದು ತುಂಬಿದರೆ ಮುಚ್ಚಿ ಇನ್ನೊಂದಕ್ಕೆ ತಿರುಗಿಸುವುದು. ಬಚ್ಚಲ ನೀರು ಬಾಳೆಗೆ.

ಇವತ್ತು ಬೆಳಿಗ್ಗೆ ನೋಡಿದರೆ ಹುಡುಗ ಟೇಪು ಹಿಡಿದು ಏಣಿ ಮೇಲೆ ನಿಂತಿದ್ದ.

"ಅಕ್ಕಾ, ದೋಣಿ ಯಾವ ಕಡೆ ಇಳಿಸ್ಲಿ?"

"ಬೇವಿನ ಗಿಡದ ಕಡೆ. ಟ್ಯಾಂಕು ನೆರಳಲ್ಲಿ ಇರ್ಲಿ."