ರಾಶಿ ಮಷಿನು ಮತ್ತು ಒಳಗಿವಿ

ತೊಗರಿ ರಾಶಿ ಮುಗಿದ ವಾರ ನಮ್ಮ ಅಫಜಲಪುರದ ಕಡೆ ಯಾರನ್ನು ಮಾತಾಡಿಸಿದರೂ ಎರಡೆರಡು ಸಲ ಹೇಳಬೇಕು. ದಿನವಿಡೀ ಮಷಿನಿನ ಬಾಯಿಗೆ ತೊಗರಿ ಒಡ್ಡಿ ನಿಂತವರಿಗೆ ಮನೆಗೆ ಬಂದಮೇಲೂ ಮಷಿನು ನಿಂತಿರುವುದಿಲ್ಲ. ಪಕ್ಕದ ಮನೆಯ ಕಾಕಾ ಫರ್ಸಿ ಕಲ್ಲಿನ ಗೋಡೆಗೆ ಮೊಣಕೈ ಊರಿ ಹೇಳಿದ್ದೂ ಅದನ್ನೇ.

“ಮಾಸ್ತರ್ರ, ಕಿವ್ಯಾಗ ಗುಂಯ್ ಅನ್ನೂದು ನಿಂದ್ರವಲ್ದು ನೋಡ್ರಿ. ಬಳ್ಳೊಳ್ಳಿ ಎಣ್ಣಿ ಕಾಸಿ ಬಿಟ್ಟೀನಿ, ಏನೂ ಫರಕ್ ಇಲ್ಲ.”

“ಎಣ್ಣಿ ಅಲ್ಲೀತನ ಮುಟ್ಟಂಗಿಲ್ಲ ಕಾಕಾ. ಕಿವಿತಮಟೆಗೆ ಬಂದು ನಿಂತುಬಿಡ್ತದ. ಗುಂಯ್ ಅನ್ನೋ ಜಾಗಾ ಅದರಾಚೆ ಅದ,” ಎಂದೆ.

ತಮಟೆಯ ಆಚೆ ಮೂರು ಸಣ್ಣ ಎಲುಬುಗಳು. ಕೊನೆಯದು ನಮ್ಮ ಮೈಯಲ್ಲೇ ಎಲ್ಲಕ್ಕಿಂತ ಚಿಕ್ಕ ಎಲುಬು, ಸುಮಾರು 3 ಮಿಲಿಮೀಟರು. ಅದು ಒಳಗಿವಿಯ ನೀರನ್ನು ತಟ್ಟುತ್ತದೆ. ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುರುಳಿಯಾದ ಒಂದು ನಾಳ. ಬಿಚ್ಚಿ ಹಾಸಿದರೆ ಸುಮಾರು 35 ಮಿಲಿಮೀಟರು. ಅದರುದ್ದಕ್ಕೂ ಸಾಲು ಹಿಡಿದು ನಿಂತಿವೆ ಕೂದಲುಕೋಶಗಳು. ಒಂದೊಂದು ಕೋಶದ ನೆತ್ತಿಯ ಮೇಲೂ ಸೂಕ್ಷ್ಮ ಎಳೆಗಳ ಒಂದು ಗೊಂಚಲು, ಗಿಡ್ಡದ್ದು ಮುಂದೆ, ಉದ್ದದ್ದು ಹಿಂದೆ. ಎಳೆಯಿಂದ ಎಳೆಗೆ ತುದಿಯಲ್ಲಿ ಇನ್ನೂ ಸಣ್ಣ ದಾರದ ಕಟ್ಟು. ನೀರು ಅಲುಗಿದಾಗ ಗೊಂಚಲು ವಾಲುತ್ತದೆ, ದಾರ ಬಿಗಿಯುತ್ತದೆ, ಕೋಶದ ಬಾಗಿಲು ತೆರೆಯುತ್ತದೆ. ಪೊಟ್ಯಾಸಿಯಂ ಒಳನುಗ್ಗಿ ಹುಟ್ಟಿದ ವಿದ್ಯುತ್ತು ನರ ಹಿಡಿದು ಮಿದುಳಿಗೆ ಹೋಗುತ್ತದೆ. ಪಿಸುಮಾತಿಗೆ ಆ ಎಳೆಗಳು ಎಷ್ಟು ಅಲುಗುತ್ತವೆಂದರೆ ಅದನ್ನು ಅಳೆಯಲು ಪರಮಾಣುವಿನ ಲೆಕ್ಕಕ್ಕೆ ಇಳಿಯಬೇಕು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

“ಎಷ್ಟ್ ಇರ್ತಾವ್ರಿ ಅವು?”

ಒಳಸಾಲಿನಲ್ಲಿ ಸುಮಾರು 3,500, ಹೊರಸಾಲುಗಳಲ್ಲಿ ಸುಮಾರು 12,000. ಕಣ್ಣಿನಲ್ಲಿ ಬೆಳಕು ಹಿಡಿಯುವ ಕೋಶಗಳು 10 ಕೋಟಿಗೂ ಹೆಚ್ಚು. ಕಿವಿಗೆ ಸಿಕ್ಕದ್ದು ಇಷ್ಟೇ ಸಾವಿರ. ಅದೂ ತಾಯಿಯ ಹೊಟ್ಟೆಯಲ್ಲೇ ಎಣಿಸಿ ಕೊಟ್ಟದ್ದು, ಹುಟ್ಟಿದ ಮೇಲೆ ಹೊಸದು ಬರುವುದಿಲ್ಲ. ಭೀಮಾ ದಂಡೆಯ ಹೊಲದಲ್ಲಿ ಹಿಂಗಾರಿ ಬಿಳಿಜೋಳ ನಿಂತಿರುತ್ತದಲ್ಲ, ಗಾಳಿಗೆ ವಾಲಿ ಮತ್ತೆ ಏಳುತ್ತದಲ್ಲ, ಹಾಗೇ ಇವೂ. ಜೋರು ಗಾಳಿಗೆ ನೆಲ ಹಿಡಿದ ದಂಟು ಒಂದೆರಡು ದಿನದಲ್ಲಿ ತಲೆ ಎತ್ತಬಹುದು, ಬುಡ ಮುರಿದದ್ದು ಏಳುವುದಿಲ್ಲ. ಜೋಳವನ್ನಾದರೂ ಮುಂದಿನ ವರ್ಷ ಬಿತ್ತಬಹುದು.

ಕೋಳಿಗಳ ಕಿವಿಯಲ್ಲಿ ಸತ್ತ ಕೂದಲುಕೋಶ ಮತ್ತೆ ಹುಟ್ಟುತ್ತದೆಂದು 1988ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು ಎಂದಾಗ ಕಾಕಾ ಸುಮ್ಮನಾದರು. ಆಮೇಲೆ, “ಕೋಳಿಗಿದ್ದ ದೈವ ಮನಷ್ಯಾಗ ಇಲ್ಲೇನ್ರಿ?” ಎಂದರು. ಇಲ್ಲ. ಹಕ್ಕಿಗೆ ಉಂಟು, ಮೀನಿಗೆ ಉಂಟು, ನಮಗಿಲ್ಲ. ಮನುಷ್ಯನಲ್ಲೂ ಚಿಗುರಿಸಬೇಕೆಂದು ಹೆಣಗಾಡುತ್ತಿದ್ದಾರೆ, ಅಂಗಡಿಯಲ್ಲಿ ಸಿಗುವ ಔಷಧಿ ಇನ್ನೂ ಬಂದಿಲ್ಲ.

ಕಾಕಾನ ಇನ್ನೊಂದು ದೂರು ನನಗೆ ಹೆಚ್ಚು ನೋವು ತಂದಿತು. “ಕೇಳಸ್ತದ್ರಿ, ಏನ್ ಅಂತಾರ ಅನ್ನೂದು ತಿಳಿಯಂಗಿಲ್ಲ. ಸೊಸಿ ಸಕ್ರಿ ಅಂದ್ರ ನಾ ಅಕ್ಕಿ ತರ್ತೀನಿ.” ಮಂದಿ ಇದನ್ನು ಮರೆವು ಅನ್ನುತ್ತಾರೆ, ಅಸಡ್ಡೆ ಅನ್ನುತ್ತಾರೆ. ಎರಡೂ ಅಲ್ಲ. ಸುರುಳಿಯ ಬುಡದ ಕೋಶಗಳು ಕೀಚಲು ಸದ್ದು ಹಿಡಿಯುತ್ತವೆ, ತುದಿಯವು ದಪ್ಪ ಸದ್ದು. ಅಲೆ ಬುಡದಿಂದ ಹೊರಟು ತನ್ನ ತನ್ನ ಜಾಗದಲ್ಲಿ ಉಬ್ಬುತ್ತದೆಂದು ಸತ್ತವರ ಕಿವಿಯನ್ನು ಬಿಡಿಸಿ ಕಂಡವನು ಹಂಗೇರಿಯ ಗಿಯೋರ್ಗ್ ಫಾನ್ ಬೆಕೆಶಿ; ಟೆಲಿಫೋನು ಸುಧಾರಿಸಲು ಹೊರಟು ಕಿವಿಗೆ ಬಂದವನು, 1961ರಲ್ಲಿ ನೊಬೆಲ್ ಪಡೆದವನು. ಗದ್ದಲಕ್ಕೆ ಮೊದಲು ಬಲಿಯಾಗುವುದು ಬುಡದ ಕಡೆಯವೇ, ಅದರಲ್ಲೂ 4,000 ಹರ್ಟ್ಸ್ ಆಸುಪಾಸಿನವು. ಸ, ಶ, ತ ಇಂಥ ಅಕ್ಷರಗಳ ಸದ್ದು ಕುಳಿತಿರುವುದು ಆ ಎತ್ತರದಲ್ಲೇ. ಹೀಗಾಗಿ ಡೊಳ್ಳು ಕೇಳುತ್ತದೆ, ಸೊಸೆಯ ಮಾತು ಕೇಳುವುದಿಲ್ಲ.

ಕಾಕಾನ ಮೊಮ್ಮಗ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಹಂಗಾಮಿನಲ್ಲಿ ಹವಳಗಾ ಕಾರ್ಖಾನೆಯ ದಾರಿಯಲ್ಲಿ ರಾತ್ರಿ ನಿಂತು ನೋಡಿ. ಟ್ರ್ಯಾಕ್ಟರಿಗಿಂತ ಮೊದಲು ಅದರ ಹಾಡು ಬರುತ್ತದೆ. ನಿದ್ದೆ ಬರಬಾರದೆಂದು ಹಾಕುತ್ತಾರೆ, ಅವರ ಕಷ್ಟ ನನಗೆ ಗೊತ್ತು. ಆದರೆ ತಲೆಯ ಹಿಂದೆಯೇ ಸ್ಪೀಕರು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ತಾಸು ಕೇಳಬಹುದು, 90 ಆದರೆ 4 ತಾಸು, 100 ಆದರೆ 20 ನಿಮಿಷ. ಮೆರವಣಿಗೆಯ ಡಿ.ಜೆ. ಮುಂದೆ ಕುಣಿಯುವ ಹುಡುಗರು ವಾರದ ಪಾಲನ್ನು ಒಂದೆರಡು ಹಾಡಿನಲ್ಲೇ ಮುಗಿಸಿರುತ್ತಾರೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದೆಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಅದನ್ನು ಪಾಲಿಸಬೇಕಾದದ್ದು ಪೊಲೀಸರ ಭಯಕ್ಕಲ್ಲ.

ಮರುದಿನ ಕಿವಿ ತಿಳಿಯಾಯಿತೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. 2009ರಲ್ಲಿ ಬಾಸ್ಟನ್ನಿನ ವಿಜ್ಞಾನಿಗಳು ಇಲಿಗಳಿಗೆ ಜೋರು ಸದ್ದು ಕೇಳಿಸಿ ನೋಡಿದರು: ಕೇಳುವ ಶಕ್ತಿ ಮರಳಿತ್ತು, ಕೂದಲುಕೋಶಗಳೂ ಉಳಿದಿದ್ದವು, ಆದರೆ ಅವಕ್ಕೂ ನರಕ್ಕೂ ಇದ್ದ ಬೆಸುಗೆಗಳಲ್ಲಿ ಬಹಳಷ್ಟು ಕಡಿದುಹೋಗಿದ್ದವು.

ಮಾತು ಮೊಮ್ಮಗಳ ಬಾಣಂತನಕ್ಕೆ ಹೊರಳಿತು. “ಕಲಬುರಗಿ ದವಾಖಾನ್ಯಾಗ ಕೂಸಿನ ಕಿವಿ ನೋಡಿದ್ರಂತ. ಮಲಗಿದ ಕೂಸಿಗಿ ಕೇಳಸ್ತದೋ ಇಲ್ಲೋ ಹೆಂಗ ತಿಳೀತದ್ರಿ?”

ಹೊರಸಾಲಿನ ಕೋಶಗಳ ಕೆಲಸವೇ ಬೇರೆ. ಸದ್ದು ಬಂದಾಗ ಅವು ಉದ್ದಗಿಡ್ಡವಾಗಿ ಕುಣಿದು ಸಣ್ಣ ಸದ್ದನ್ನು ದೊಡ್ಡದು ಮಾಡಿಕೊಡುತ್ತವೆ. ಆ ಕುಣಿತದಿಂದ ಕಿವಿಯೇ ಒಂದು ಮೆಲುದನಿ ಹೊರಡಿಸುತ್ತದೆಂದು ಲಂಡನ್ನಿನ ಡೇವಿಡ್ ಕೆಂಪ್ 1978ರಲ್ಲಿ ತೋರಿಸಿದರು. ಕೂಸಿನ ಕಿವಿಗೆ ಸಣ್ಣ ನಳಿಕೆ ಇಟ್ಟು ಆ ದನಿ ಬಂತೇ ಎಂದು ಯಂತ್ರ ಆಲಿಸುತ್ತದೆ. ಕೂಸಿಗೆ ಎಚ್ಚರವೂ ಆಗುವುದಿಲ್ಲ. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇಂಥ ತಪಾಸಣೆಗೆ ಹೆಸರಾದದ್ದು. ಹತ್ತಿರದ ರಕ್ತಸಂಬಂಧದಲ್ಲಿ ಲಗ್ನ ಮಾಡುವ ನಮ್ಮ ಕಡೆಯ ಮನೆತನಗಳಲ್ಲಿ ಹುಟ್ಟುಕಿವುಡಿನ ಸಂಭವ ಹೆಚ್ಚು, ಅದಕ್ಕೇ ಈ ತಪಾಸಣೆ ತಪ್ಪಿಸಬಾರದು. ಮೊದಲ ಆರು ತಿಂಗಳೊಳಗೆ ತಿಳಿದು ಚಿಕಿತ್ಸೆ ಶುರುವಾದರೆ ಕೂಸು ಮಾತು ಕಲಿಯುವುದು ಬಹಳ ಸುಲಭ.

ಅರಳೆ ತುರುಕಿಕೊಂಡರೆ ಸಾಕೆಂದು ಕಾಕಾ ನಂಬಿದ್ದರು. ಅರಳೆ ಸದ್ದು ತಡೆಯುವುದು ಅಷ್ಟಕ್ಕಷ್ಟೇ. ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಂಜಿನ ಕಿವಿಬಿರಡೆಯನ್ನು ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ ಕಿವಿಯೊಳಗಿಟ್ಟು, ಅದು ಉಬ್ಬುವತನಕ ಒತ್ತಿ ಹಿಡಿಯಬೇಕು. ಮುಂದಿನ ರಾಶಿಗೆ ಮಷಿನು ಹೇಳುವ ಮೊದಲು ಮನೆಯಲ್ಲಿ ದುಡಿಯುವ ಕೈಗಳನ್ನು ಎಣಿಸಿ, ಒಬ್ಬೊಬ್ಬರಿಗೂ ಒಂದು ಜೊತೆ ತಂದಿಡಿ. ಟ್ರ್ಯಾಕ್ಟರಿನ ಹುಡುಗರಿಗೆ ಸ್ಪೀಕರನ್ನು ತಲೆಯಿಂದ ದೂರ ಕಟ್ಟಲು ಹೇಳಿ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಎಣ್ಣೆ ಕಾಸುತ್ತ ಕೂರದೆ ಅಂದೇ ಕಿವಿ ಡಾಕ್ಟರರ ಬಳಿ ಹೋಗಿ. ಆ ಚಿಕಿತ್ಸೆಗೆ ಮೊದಲ ಕೆಲವು ದಿನಗಳೇ ಮುಖ್ಯ.