ಊದುವಿಕೆಯ ಮೀಮಾಂಸೆ: ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳನ್ನು ಅನುಲಕ್ಷಿಸಿ

ಪ್ರಸ್ತುತ ಸಂಪ್ರಬಂಧವು ರಸ್ತೆ, ರಕ್ತ ಮತ್ತು ರಾಜ್ಯ ಎಂಬ ಮೂರು ‘ರ’ಕಾರಗಳ ಮುಖಾಮುಖಿಯನ್ನು ಅಂತರ್‌ಶಿಸ್ತೀಯ ನೆಲೆಯಲ್ಲಿ ಶೋಧಿಸುವ ಒಂದು ವಿನಮ್ರ ಪ್ರಯತ್ನವಾಗಿದೆ. ಕುಡಿತವನ್ನು ಕುಡಿತವಾಗಿ ನೋಡದೆ ಒಂದು ಸಂಕಥನವಾಗಿ, ಚಾಲನೆಯನ್ನು ಚಾಲನೆಯಾಗಿ ನೋಡದೆ ಒಂದು ಚಲನಶೀಲ ಅನನ್ಯತೆಯಾಗಿ, ಪೊಲೀಸರನ್ನು ಪೊಲೀಸರಾಗಿ ನೋಡದೆ (ಹಾಗೆ ನೋಡಿದರೆ ಗಾಡಿ ನಿಲ್ಲಿಸಬೇಕಾಗುತ್ತದೆ) ಒಂದು ಸಾಂಸ್ಥಿಕ ಉಪಸ್ಥಿತಿಯಾಗಿ ಪರಿಭಾವಿಸುವುದು ಇದರ ಉದ್ದೇಶ.

ಈ ಭಾಷೆ ನನ್ನದಲ್ಲ. ರಸ್ತೆ ಸುರಕ್ಷತಾ ಮಾಸದ ಅಂಗವಾಗಿ ಜನವರಿಯಲ್ಲಿ ನಡೆದ ಒಂದು ವಿಚಾರ ಸಂಕಿರಣದಿಂದ ನನಗೆ ಅಂಟಿಕೊಂಡು ಬಂದದ್ದು. ಹತ್ತಕ್ಕೆ ಅಂದದ್ದು ಹನ್ನೆರಡಕ್ಕೆ ಶುರುವಾಯಿತು. ಸ್ವಾಗತ, ಪ್ರಾಸ್ತಾವಿಕ, ಗಿಡಕ್ಕೆ ನೀರೆರೆದು ಉದ್ಘಾಟನೆ, ಹನ್ನೊಂದು ಜನಕ್ಕೆ ಶಾಲು. ದಿಕ್ಸೂಚಿ ಭಾಷಣಕಾರರು ‘ರಸ್ತೆ ಎಂಬ ರೂಪಕ’ದ ಬಗ್ಗೆ ಐವತ್ತು ನಿಮಿಷ ಮಾತಾಡಿದರು. ರಸ್ತೆಯ ಮೇಲೆ ಸತ್ತವರ ಬಗ್ಗೆ ಒಂದು ಮಾತು ಬರಲಿಲ್ಲ. ಕೊನೆಗೆ ಎಲ್ಲರೂ ಎದ್ದು ಬಲಗೈ ಮುಂದೆ ಚಾಚಿ ಪ್ರತಿಜ್ಞೆ ಮಾಡಿದೆವು. ಚಾಚಿದ ಕೈಗೆ ಆಮೇಲೆ ಗೋಧಿ ಹುಗ್ಗಿಯ ತಟ್ಟೆ ಬಂತು. ಅವರು ಬಿಟ್ಟ ಕಂದರವನ್ನು ತುಂಬುವುದೇ ಈ ಸಂಶೋಧನೆಯ ಪ್ರಸ್ತುತತೆ.

ಅಧ್ಯಾಯ ಒಂದು, ಪೂರ್ವಾಧ್ಯಯನಗಳ ಸಮೀಕ್ಷೆ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದ ಇಪ್ಪತ್ತೈದನೆಯ ಅಧ್ಯಾಯ ಸುರಾಧ್ಯಕ್ಷನಿಗೇ ಮೀಸಲು. ಪಾನಗೃಹದಲ್ಲಿ ಕೋಣೆಗಳಿರಬೇಕು, ಆಸನಗಳಿರಬೇಕು, ಹಾಸಿಗೆಗಳಿರಬೇಕು ಎಂದು ಅವನು ವಿಧಿಸುತ್ತಾನೆ. ಕುಡಿದವನು ಅಲ್ಲೇ ಬಿದ್ದುಕೊಳ್ಳಲಿ, ರಥ ಹತ್ತದಿರಲಿ ಎಂಬ ಸಾರಿಗೆ ನೀತಿಯನ್ನು ಇದರಲ್ಲಿ ಕಾಣಬಹುದು ಎಂದು ನನ್ನ ಪ್ರತಿಪಾದನೆ. ಕುರುಗೋಡಿನಿಂದ ಬಳ್ಳಕುಂದೆ ನಾಡನ್ನಾಳಿದ ಸಿಂದರ ಶಾಸನಗಳನ್ನು ಈ ದೃಷ್ಟಿಯಿಂದ ಯಾರೂ ಓದಿಲ್ಲ, ನಾನೂ ಓದಿಲ್ಲ. ಆದರೆ ಬಳ್ಳಾರಿ ಜಿಲ್ಲೆಯ ಮೇಲೆ ಪ್ರಬಂಧ ಎಂದಮೇಲೆ ಅವರ ಹೆಸರು ಒಮ್ಮೆ ಬರಲೇಬೇಕು. ಬಂತು.

ಪಾಶ್ಚಾತ್ಯ ಚಿಂತನೆಯಲ್ಲಿ ನಾರ್ವೆ ದೇಶ 1936ರಲ್ಲೇ ರಕ್ತದ ಮದ್ಯಕ್ಕೆ ಅಂಕಿಯ ಮಿತಿ ಹಾಕಿತು. ಸ್ವೀಡನ್ನಿನ ವಿಡ್‌ಮಾರ್ಕ್ ಎಂಬ ವಿಜ್ಞಾನಿ, ಎಷ್ಟು ಕುಡಿದರೆ ರಕ್ತದಲ್ಲಿ ಎಷ್ಟು ಏರುತ್ತದೆ, ಗಂಟೆಗೆ ಎಷ್ಟು ಇಳಿಯುತ್ತದೆ ಎಂದು ಸೂತ್ರ ಕಟ್ಟಿಕೊಟ್ಟ. ಅಮೆರಿಕದ ಬೋರ್ಕನ್‌ಸ್ಟೈನ್ 1954ರಲ್ಲಿ ಉಸಿರಿನಿಂದಲೇ ಅದನ್ನು ಅಳೆಯುವ ಯಂತ್ರ ಮಾಡಿದ. ಇಂಗ್ಲೆಂಡಿನಲ್ಲಿ ಬಾರ್ಬರಾ ಕಾಸಲ್ ಎಂಬ ಸಾರಿಗೆ ಸಚಿವೆ 1967ರಲ್ಲಿ ಇದನ್ನು ಕಾನೂನು ಮಾಡಿದಾಗ ಅಲ್ಲಿನ ಕುಡುಕರು ಬೊಬ್ಬೆ ಹೊಡೆದರು. ಆಕೆ ಸೊಪ್ಪು ಹಾಕಲಿಲ್ಲ. ಈ ಪ್ರಬಂಧದಲ್ಲಿ ಬರುವ ಮಂತ್ರಿಗಳ ಪೈಕಿ ನನಗೆ ಗೌರವವಿರುವುದು ಆಕೆಯೊಬ್ಬಳ ಮೇಲೆ.

ಅಧ್ಯಾಯ ಎರಡು, ಪ್ರಮಾಣ ಮೀಮಾಂಸೆ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಅಪರಾಧ. ಇಂಗ್ಲೆಂಡಿನ ಮಿತಿ ಇಂದಿಗೂ 80. ಸ್ಕಾಟ್ಲೆಂಡ್ 2014ರಲ್ಲಿ 50ಕ್ಕೆ ಇಳಿಸಿತು. ಸ್ವೀಡನ್ 20ರಲ್ಲಿದೆ. ಅಂದರೆ ಕಾಗದದ ಮೇಲೆ ಸಿರುಗುಪ್ಪವು ಲಂಡನ್ನಿಗಿಂತ ಹೆಚ್ಚು ನಾಗರಿಕ. ಸಂಕಿರಣದಲ್ಲಿ ಇದನ್ನೇ ಹಿಡಿದು ಮಧ್ಯಾಹ್ನವಿಡೀ ಚರ್ಚೆ: 30 ಬಹಳ ಕಡಿಮೆ, 50 ಮಾಡಬೇಕು ಅಂತ ಒಬ್ಬರು, ಸೊನ್ನೆಯೇ ಆಗಬೇಕು ಅಂತ ಇನ್ನೊಬ್ಬರು, ಕೆಮ್ಮಿನ ಸಿರಪ್ಪು ಕುಡಿದವನ ಗತಿಯೇನು ಅಂತ ಮೂರನೆಯವರು. (ಬಾಯಲ್ಲುಳಿದ ಸಿರಪ್ಪು ಹದಿನೈದು ನಿಮಿಷದಲ್ಲಿ ಹೋಗುತ್ತದೆ ಸ್ವಾಮಿ, ಕೂತು ಕಾಯಿಸಿ ಮತ್ತೆ ಊದಿಸಿದರೆ ಮುಗಿಯಿತು.)

ಸೂತ್ರ ಹಾಕಿ ನೋಡೋಣ. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿಗಳಲ್ಲಿ ಮದ್ಯಸಾರ ಶೇಕಡಾ 42.8. ಅರವತ್ತು ಕೆ.ಜಿ. ತೂಕದ ಗಂಡಸು 30 ಎಂ.ಎಲ್. ಕುಡಿದರೆ ರಕ್ತದಲ್ಲಿ ಸುಮಾರು 25. ಅವನು ಕಾನೂನಿನೊಳಗೇ ಇದ್ದಾನೆ. ಆದರೆ ಬರೀ 30 ಎಂ.ಎಲ್. ಕುಡಿದು ಎದ್ದು ಬಂದ ಮನುಷ್ಯ ಮೂರೂ ತಾಲ್ಲೂಕಿನ ಕ್ಷೇತ್ರಕಾರ್ಯದಲ್ಲಿ ಎಲ್ಲಿಯೂ ಸಿಗಲಿಲ್ಲ. ಇಲ್ಲಿ ಎಣ್ಣೆಯ ಅತಿ ಕನಿಷ್ಠ ಘಟಕವೆಂದರೆ ನೈಂಟಿ, ಟೆಟ್ರಾ ಪ್ಯಾಕು. ಅದೊಂದಕ್ಕೇ ಅಂಕಿ 75ಕ್ಕೆ ಹೋಗಿ ನಿಲ್ಲುತ್ತದೆ. ಗಂಟೆಗೆ ಇಳಿಯುವುದು ಸುಮಾರು 15. ಒಗ್ಗರಣಿ ಮಿರ್ಚಿ ತಿಂದರೂ ಅಷ್ಟೇ, ಮಜ್ಜಿಗೆ ಕುಡಿದರೂ ಅಷ್ಟೇ, ಕಾಲುವೆಯಲ್ಲಿ ಮುಳುಗಿ ಎದ್ದರೂ ಅಷ್ಟೇ. ನೈಂಟಿ ಹಾಕಿದವನು ಗಾಡಿ ಮುಟ್ಟಬೇಕಾದರೆ ಮೂರು ತಾಸು ಕೂರಬೇಕು. ಈ ಗಂಟೆಗೆ 15ರ ಲೆಕ್ಕವನ್ನು ಓದುಗರು ನೆನಪಿಟ್ಟುಕೊಳ್ಳಬೇಕಾಗಿ ವಿನಂತಿ, ಮುಂದೆ ಬೇಕಾಗುತ್ತದೆ.

ಅಧ್ಯಾಯ ಮೂರು, ಊದುವವರ ವರ್ಗೀಕರಣ. ಊದುವವರನ್ನು ಸ್ಥೂಲವಾಗಿ ಏಳು ವರ್ಗಗಳಲ್ಲಿ, ಪ್ರತಿ ವರ್ಗವನ್ನು ಮೂರು ಉಪವರ್ಗಗಳಲ್ಲಿ ವಿಂಗಡಿಸಬಹುದು.

ಮೊದಲನೆಯದು ಅವಶ್ಯೂದಕ, ಅಂದರೆ ಊದಲೇಬೇಕಾದವನು. ಲಕ್ಷಣಗಳು: ಟಿವಿಎಸ್ ಎಕ್ಸೆಲ್, ಹೆಗಲ ಮೇಲೆ ಟವೆಲು, ಮುಂದೆ ಗೊಬ್ಬರದ ಚೀಲ. ಈ ವರ್ಗದ ಒಬ್ಬರನ್ನು ಒಂದು ಸರ್ಕಲಿನಲ್ಲಿ ನಾನೇ ಕಂಡೆ.

“ಊದಪ ಯಜಮಾನ.”

“ಬೀಡಿ ಸೇದಿ ಸೇದಿ ಎದಿ ಒಣಗ್ಯದ್ರಿ ಸಾಹೇಬ್ರ, ಉಸುರು ಎಲ್ಲಿಂದ ತರ್ಲಿ?”

“ಊದು ಅಂದ್ರ ಊದು.”

ಊದಿದರು. ಯಂತ್ರ ಕೂಗಿತು. ಯಜಮಾನರು ಅದನ್ನೇ ದಿಟ್ಟಿಸಿ ನೋಡಿ, “ನೀವೂ ಒಂದ್ಸಲ ಊದ್ರಿ ಸಾಹೇಬ್ರ, ಮಿಷನ್ ಖರೇ ಐತೋ ಇಲ್ಲೋ ನೋಡಾನ” ಅಂದರು. ಸುತ್ತಲಿದ್ದವರೆಲ್ಲ ನಕ್ಕರು. ಸಾಹೇಬರೂ ನಕ್ಕರು. ನಕ್ಕು, ಗಾಡಿಯ ಕೀ ಕಿತ್ತುಕೊಂಡರು.

ಯಜಮಾನರಿಗೆ ಗೊತ್ತಿಲ್ಲದೆಯೇ ಅವರು ಕಾಯ್ದೆ ಮಾತಾಡಿದ್ದರು. 2019ರ ತಿದ್ದುಪಡಿಯಲ್ಲಿ 210-ಬಿ ಎಂಬ ಕಲಮು ಸೇರಿದೆ: ಈ ಕಾಯ್ದೆಯನ್ನು ಜಾರಿ ಮಾಡುವ ಅಧಿಕಾರವುಳ್ಳವರೇ ಇದನ್ನು ಮುರಿದರೆ ದಂಡ ಇಮ್ಮಡಿ. ಸಾಮಾನ್ಯನಿಗೆ ಮೊದಲ ಸಲಕ್ಕೆ 10,000 ಅಂದರೆ ಅವರಿಗೆ 20,000. ಸಂಕಿರಣದ ಬ್ಯಾನರಿನಲ್ಲಿ ಹೆಲ್ಮೆಟ್ಟಿನ ಕಲಮಿತ್ತು, ಸೀಟ್ ಬೆಲ್ಟಿನದಿತ್ತು, 185 ಕೆಂಪಕ್ಷರದಲ್ಲಿತ್ತು. 210-ಬಿ ಇರಲಿಲ್ಲ.

ಎರಡನೆಯದು ಅನೂದಕ. ಬಿಳಿ ಕಾರು, ಕರಿ ಗಾಜು, ಮುಂದಿನ ಗಾಜಿನ ಮೂಲೆಯಲ್ಲಿ ಒಂದು ಪಾಸು. ಗಾಜು ನಾಲ್ಕು ಬೆರಳು ಇಳಿಯುತ್ತದೆ, ಒಳಗಿನಿಂದ ಒಂದು ಫೋನು ಹೊರಗೆ ಬರುತ್ತದೆ, ಪೊಲೀಸರು ಅದನ್ನು ಕಿವಿಗಿಟ್ಟುಕೊಂಡು “ಸರಿ ಸಾರ್” ಅನ್ನುತ್ತಾರೆ. ತಾಂತ್ರಿಕವಾಗಿ ಇದೂ ಒಂದು ಪರೀಕ್ಷೆಯೇ. ಉಸಿರು ಮಾತ್ರ ಬೇರೆಯವರದು.

ಮೂರನೆಯದು ರಸೀದಿರಹಿತ ಊದಕ. ಇದನ್ನು ತಿಳಿಯಲು ಒಂದು ಸೂಕ್ಷ್ಮ ಬೇಕು. ಈ ಕೇಸಿಗೆ ಕಾನೂನಿನಲ್ಲಿ ಸ್ಪಾಟ್ ಫೈನ್ ಇಲ್ಲ. ಗಾಡಿ ಠಾಣೆಗೆ, ಮನುಷ್ಯ ಕೋರ್ಟಿಗೆ. 2019ಕ್ಕೆ ಮೊದಲು ಮೊದಲ ಸಲದ ದಂಡ ಹೆಚ್ಚೆಂದರೆ 2,000 ಇತ್ತು, ಈಗ 10,000, ಜೊತೆಗೆ ಆರು ತಿಂಗಳ ಜೈಲಿನ ಭಯ. ಭತ್ತದ ಕಟಾವಿನಲ್ಲಿ ದಿನಕ್ಕೆ ಐನೂರು ದುಡಿಯುವವನಿಗೆ ಇಪ್ಪತ್ತು ದಿನದ ಕೂಲಿ. ದಂಡ ಐದು ಪಟ್ಟಾದಾಗ ಸರ್ಕಲಿನ ಕತ್ತಲಲ್ಲಿ ಕುದುರುವ ಮಾತಿನ ಬೆಲೆಯೂ ಅದೇ ಪ್ರಮಾಣದಲ್ಲಿ ಏರುತ್ತದೆ ಎಂಬುದು ಅರ್ಥಶಾಸ್ತ್ರದ (ಕೌಟಿಲ್ಯನದಲ್ಲ, ಬರೀ ಅರ್ಥಶಾಸ್ತ್ರದ) ಸರಳ ನಿಯಮ. ಅಲ್ಲಿ ಕೈ ಬದಲಾದ ಹಣ ಸರ್ಕಾರದ್ದಾಗಿರಲು ಸಾಧ್ಯವೇ ಇಲ್ಲ, ಯಾಕೆಂದರೆ ಅಲ್ಲಿ ಹಣ ತೆಗೆದುಕೊಳ್ಳುವ ಅಧಿಕಾರವೇ ಯಾರಿಗೂ ಇಲ್ಲ.

ನಾಲ್ಕನೆಯದು ಅದಿರಿನ ಟಿಪ್ಪರು, ಐದನೆಯದು ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್ ಟ್ರಾಲಿ, ಹೀಗೆ ಇತ್ಯಾದಿ. ಉಳಿದ ವರ್ಗಗಳನ್ನು ಬರೆಯುವ ಉತ್ಸಾಹ ಹೋಯಿತು. ಈ ಭಾಗದಲ್ಲಿ ಯಾರಿಗೂ ತೊಂದರೆ ಕೊಡದ ವಾಹನ ಒಂದೇ, ಕುರುಗೋಡಿನ ದೊಡ್ಡಬಸವಣ್ಣ. ಅವನು ಕೂತಲ್ಲಿಂದ ಎದ್ದಿಲ್ಲ.

ಇನ್ನು ರಾಜ್ಯ. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು. ಕುಡಿಯುವವರು ನಿಲ್ಲಲಿಲ್ಲ, ಪ್ಯಾಕೆಟ್ಟು ಬಿಟ್ಟು ಟೆಟ್ರಾ ಪ್ಯಾಕಿಗೆ ಬಂದರು. ಸಗಟು ಮಾರಾಟ ಸರ್ಕಾರದ್ದೇ ಆದ ಪಾನೀಯ ನಿಗಮದ ಕೈಯಲ್ಲಿದೆ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಬರಬೇಕೆಂದು ಇಟ್ಟ ಗುರಿ 40,000 ಕೋಟಿ ರೂಪಾಯಿ. ಗುರಿ! ಸಾಕ್ಷರತೆಗೆ ಇಟ್ಟ ಹಾಗೆ. ಸಿಎಲ್-2 ಅಂಗಡಿಯಲ್ಲಿ ಕೊಳ್ಳಬಹುದು, ಅಲ್ಲಿ ಕುಡಿಯುವಂತಿಲ್ಲ. ರಸ್ತೆಯಲ್ಲಿ ಕುಡಿಯುವಂತಿಲ್ಲ. ಸಿಎಲ್-9 ಬಾರಿನಲ್ಲಿ ಕುಡಿಯಬಹುದು, ಹೊರಗೆ ಸಾಲಾಗಿ ಬೈಕು ನಿಲ್ಲಿಸಲು ಜಾಗವಿದೆ. ಕುಡಿದವರು ಆ ಬೈಕುಗಳನ್ನು ತಲೆಯ ಮೇಲೆ ಹೊತ್ತು ಹೋಗುತ್ತಾರೆ ಎಂದು ಲೈಸೆನ್ಸು ಕೊಟ್ಟವರು ಭಾವಿಸಿರಬೇಕು. ಬಾರು ಮುಚ್ಚುವ ಹೊತ್ತಿಗೆ ಹಳ್ಳಿಯ ಕೊನೆಯ ಬಸ್ಸು ಹೋಗಿ ಎಷ್ಟೋ ಹೊತ್ತಾಗಿರುತ್ತದೆ. ಕೌಟಿಲ್ಯ ಹಾಸಿಗೆಯಾದರೂ ಕೊಟ್ಟಿದ್ದ.

ಸುಪ್ರೀಂ ಕೋರ್ಟು 2016ರ ಡಿಸೆಂಬರ್ 15ರಂದು ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯದಂಗಡಿ ಬೇಡ ಅಂದಿತು. ಆಮೇಲೆ ಸಣ್ಣ ಊರುಗಳಿಗೆ 220 ಮೀಟರ್ ಆಯಿತು. ಆಮೇಲೆ ಪಟ್ಟಣದ ಮಿತಿಯೊಳಗೆ ಇದು ಅನ್ವಯಿಸಬೇಕಿಲ್ಲ ಎಂದಾಯಿತು. ಟೇಪು ಹಿಡಿದವರು ಟೇಪು ಸುತ್ತಿಟ್ಟುಕೊಂಡರು.

ಇಲ್ಲಿಗೆ ಅಧ್ಯಾಯ ನಾಲ್ಕು, ‘ಕಾಲಮೀಮಾಂಸೆ’, ಶುರುವಾಗಬೇಕು. ಅದಕ್ಕೆ ಇಟ್ಟುಕೊಂಡಿದ್ದ ದೊಡ್ಡ ಶಬ್ದಗಳು ಈಗ ಬಾಯಿಗೆ ಬರುತ್ತಿಲ್ಲ. ನೇರವಾಗಿ ಹೇಳುತ್ತೇನೆ.

ನನ್ನ ಅಕ್ಕನನ್ನು ಕುರುಗೋಡಿನ ಕಡೆ ಕೊಟ್ಟಿದ್ದು. ಅವಳ ಮಗ ಸಿರುಗುಪ್ಪದ ರೈಸ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಒಂದು ರಾತ್ರಿ ಹತ್ತೂವರೆಗೆ, ಬೈಕಿನಲ್ಲಿ ಬರುತ್ತಿದ್ದಾಗ, ಎದುರಿನಿಂದ ಬಂದ ಕಾರು ಬಲಕ್ಕೆ ಬಂತು. ಕಾರಿನವನು ಇಳಿದಾಗ ನಿಲ್ಲಲು ಆಗುತ್ತಿರಲಿಲ್ಲ ಎಂದು ಅಲ್ಲಿ ಓಡಿ ಬಂದವರು ಹೇಳಿದರು. ಊದಿಸುವ ಯಂತ್ರ ಆ ರಾತ್ರಿ ಬರಲಿಲ್ಲ. ಕಾರಿನವನಿಗೆ ಎದೆನೋವು ಬಂತು, ಖಾಸಗಿ ಆಸ್ಪತ್ರೆ, ಡ್ರಿಪ್ಪು. ಕಾಯ್ದೆಯ 202ನೆಯ ಕಲಮಿನಂತೆ ಬಂಧಿಸಿದ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು. ಎರಡು ಗಂಟೆ ಎಣಿಸುವುದು ಬಂಧಿಸಿದಾಗಿನಿಂದ, ಗುದ್ದಿದಾಗಿನಿಂದಲ್ಲ. ಬಂಧನ ಬೆಳಿಗ್ಗೆ ಆಯಿತು. ರಕ್ತ ತೆಗೆದದ್ದು ಒಂಬತ್ತರ ಸುಮಾರಿಗೆ. ಎಲ್ಲವೂ ಕಾಯ್ದೆಯ ಪ್ರಕಾರ.

ಹತ್ತೂವರೆ ತಾಸು. ಗಂಟೆಗೆ 15. ನೂರೈವತ್ತೇಳು ಇಳಿದಿರುತ್ತದೆ. ರಾತ್ರಿ ಅವನ ರಕ್ತದಲ್ಲಿ 180 ಇದ್ದಿದ್ದರೂ ಬೆಳಿಗ್ಗೆ ಅವನು ಸ್ವೀಡನ್ನಿನ ಮಿತಿಯ ಹತ್ತಿರಕ್ಕೆ ಬಂದಿರುತ್ತಾನೆ. ಎಷ್ಟಿತ್ತೋ ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ, ಗೊತ್ತಾಗದ ಹಾಗೆ ನೋಡಿಕೊಂಡರು. 30 ಇರಲಿ, 50 ಇರಲಿ, ಸೊನ್ನೆ ಇರಲಿ, ಯಾವ ಅಂಕಿ ಇಟ್ಟಿದ್ದರೆ ಅವನು ಸಿಕ್ಕಿಬೀಳುತ್ತಿದ್ದ ಹೇಳಿ? ಸಂಕಿರಣದಲ್ಲಿ ಇದನ್ನು ಕೇಳಬೇಕೆಂದು ಎದ್ದು ನಿಂತಿದ್ದೆ. ಸಮಯದ ಅಭಾವವಿದೆ, ಊಟ ತಣ್ಣಗಾಗುತ್ತದೆ ಎಂದರು.

ವರದಿ ಬಂದಾಗ ಕೇಸಿನ ಕಡತ ನೋಡಲು ವಕೀಲರ ಆಫೀಸಿಗೆ ನಾನೇ ಹೋದೆ. ಕಾರಿನವನದು ಮಿತಿಯೊಳಗೆ. ಅದರ ಕೆಳಗೆ ಇನ್ನೊಂದು ಹಾಳೆಯಿತ್ತು. ನಮ್ಮ ಹುಡುಗನ ರಕ್ತವನ್ನೂ ಪರೀಕ್ಷೆಗೆ ಕಳಿಸಿದ್ದರು, ಪೋಸ್ಟ್‌ಮಾರ್ಟಮ್ ಹೊತ್ತಿಗೇ, ತಡಮಾಡದೆ. ಪರಿಹಾರದ ಕೇಸಿಗೆ ಬೇಕಾಗುತ್ತದೆ ಎಂದು ವಕೀಲರು ಹೇಳಿದರು. ಮದ್ಯದ ಅಂಶ ಇಲ್ಲ ಎಂದು ಬರೆದಿತ್ತು.

ಮನೆಗೆ ಹೋಗಿ ಅಕ್ಕನ ಮುಂದೆ ಕೂತೆ. ಮಿಲಿಗ್ರಾಂ, ಕಲಮು ಒಂದೂ ಅವಳಿಗೆ ತಿಳಿಯದು. ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ ಒಂದೇ ಕೇಳಿದಳು: “ಯಾರ್ನ ಊದ್ಸಿ ನೋಡಿದ್ರಂತಪ?”