ನಿವೃತ್ತಿಯಿಲ್ಲದ ಗೂಢಚಾರ

(ಗ್ರಂಥಾಲಯದ ಜಗಲಿ. ಇಬ್ಬರು ಪೆನ್ಶನ್‌ದಾರರು, ನಡುವೆ ಒಂದೇ ಜೇಮ್ಸ್ ಬಾಂಡ್ ಕಾದಂಬರಿ.)

ರಾಯರು: ಬಾಂಡ್ ಅಂದ್ರೆ ಇಯಾನ್ ಫ್ಲೆಮಿಂಗ್ ಬರೆದದ್ದು ಮಾತ್ರ, ಶೆಟ್ಟರೇ. 1953ರ ‘ಕ್ಯಾಸಿನೊ ರಾಯಲ್’ ಓದಿ. ಬರೀ ಇಸ್ಪೀಟಾಟಕ್ಕೇ ಎದೆ ನಡುಗುತ್ತೆ.

ಶೆಟ್ಟರು: ಅದೇ ಫ್ಲೆಮಿಂಗ್ 1962ರಲ್ಲಿ ‘ದ ಸ್ಪೈ ಹೂ ಲವ್ಡ್ ಮಿ’ ಬರೆದ್ರಲ್ಲ? ಅದರಲ್ಲಿ ಬಾಂಡ್ ಬರೋದೇ ಕೊನೇ ಭಾಗಕ್ಕೆ. ಊಟದ ಎಲೆ ಎತ್ತಿದ ಮೇಲೆ ಬಂದ ಮದುಮಗ!

ರಾಯರು: ಅದು ಪ್ರಯೋಗ ಕಣ್ರೀ!

ಶೆಟ್ಟರು: 1957ರ ಕಾದಂಬರಿಯಲ್ಲಿ ಬಾಂಡ್ ವೈರಿಯ ಬೂಟಿನ ವಿಷದ ಅಲಗು ತಾಗಿ ಬಿದ್ದ. ಮರುವರ್ಷ ‘ಡಾಕ್ಟರ್ ನೋ’ಗೆ ಎದ್ದು ಬಂದ. 1964ರ ಕಾದಂಬರಿಯಲ್ಲಿ ನಿಧನವಾರ್ತೆಯೂ ಅಚ್ಚಾಯ್ತು, ಆಗಲೂ ಸಾಯಲಿಲ್ಲ. ಆ ವರ್ಷ ನಿಜವಾಗಿ ಹೋದವರು ಪಾಪ, ಫ್ಲೆಮಿಂಗ್.

ರಾಯರು: ಅಲ್ಲಿಗೇ ನಿಲ್ಲಿಸಬೇಕಿತ್ತು. ಆಮೇಲೆ ಕಿಂಗ್ಸ್ಲಿ ಏಮಿಸ್, ಜಾನ್ ಗಾರ್ಡ್ನರ್, ಆಂಟನಿ ಹೊರೊವಿಟ್ಜ್... ಒಬ್ಬೊಬ್ಬರೂ ಎಳೆದದ್ದೇ!

ಶೆಟ್ಟರು: ‘ಮೂನ್‌ರೇಕರ್’ ಕಾದಂಬರಿ ಪ್ರಕಾರ ಬಾಂಡ್ ಇರೋ ಡಬಲ್ ಓ ವಿಭಾಗಕ್ಕೆ 45ನೇ ವಯಸ್ಸೇ ಕಡೇ ಗಡುವು. ಅವನ ಸರ್ವಿಸೇ 70 ದಾಟಿತು! ನಮಗೆ ಒಂದು ತಿಂಗಳ ಎಕ್ಸ್‌ಟೆನ್ಷನ್ ಕೊಟ್ರಾ?

ರಾಯರು: 2011ರಲ್ಲಿ ಜೆಫ್ರಿ ಡೀವರ್ ಅವನನ್ನು ಅಫ್ಘಾನಿಸ್ತಾನದ ಯುದ್ಧ ಕಂಡ ಹುಡುಗನನ್ನಾಗಿ ಮಾಡಿದ್ರು.

ಶೆಟ್ಟರು: ಅಂದ್ರೆ ಹುಟ್ಟಿದ ತಾರೀಖನ್ನೇ ತಿದ್ದಿದ್ರು! ನಾವು ತಿದ್ದಿದ್ರೆ ಸಸ್ಪೆನ್ಷನ್.

ರಾಯರು: ಇಷ್ಟೆಲ್ಲ ಬೈತೀರಲ್ಲ, ಆ ಪುಸ್ತಕ ಇತ್ಲಾಗೆ ಕೊಡಿ.

ಶೆಟ್ಟರು: ಅದೆಂಗಾಗುತ್ತೆ? ಪೂರ್ತಿ ಓದದೆ ಬೈಯೋ ಜಾತಿ ನಂದಲ್ಲ!